ಹಾಲು ಅವರ ಮನೆಯಲ್ಲಿ, ಹೊಲಸು ನಮ್ಮ ಅಂಗಳದಲ್ಲಿ

ಇಂದು ಬೆಳಗ್ಗೆ ಆರೂವರೆಗೆ ಹಿತ್ತಿಲ ಬಾಗಿಲು ತೆರೆದಾಗ, ಒಂಬತ್ತು ದಿನಗಳ ಹಿಂದೆ ಬಿತ್ತಿ ಮೊನ್ನೆಯಷ್ಟೇ ಎಲೆ ಬಿಡಿಸಿಕೊಂಡಿದ್ದ ಮೆಂತ್ಯದ ಮಡಿ ಮತ್ತೆ ಕೆದರಿಹೋಗಿತ್ತು. ಮೊಳಕೆಗಳು ಬೇರುಸಮೇತ ಮೇಲೆದ್ದು ಬಾಡಿ ಬಿದ್ದಿದ್ದವು. ಮಡಿಯ ನಡುವೆ ಎರಡು ಕಡೆ ಮಣ್ಣನ್ನು ಗುಡ್ಡೆ ಮಾಡಿ ಮುಚ್ಚಲಾಗಿತ್ತು. ಅದರ ಕೆಳಗೆ ಏನಿದೆ ಎಂಬುದನ್ನು ಮೂಗೇ ಹೇಳುತ್ತಿತ್ತು. ಈ ತಿಂಗಳಲ್ಲಿ ಇದು ಮೂರನೆಯ ಸಲ. ಕೈಗವಸು ಹಾಕಿಕೊಂಡು, ನೆರೆಮನೆಯ ಬೆಕ್ಕುಗಳ ಹೊಲಸನ್ನು ಬಳಿದು ಚೀಲಕ್ಕೆ ತುಂಬುತ್ತಾ ನಾನು ನನ್ನನ್ನೇ ಕೇಳಿಕೊಂಡೆ: ಈ ಕೆಲಸವನ್ನು ನಾನೇಕೆ ಮಾಡುತ್ತಿದ್ದೇನೆ?

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಮ್ಮದು 40–60ರ ನಿವೇಶನದ ಮನೆ. ಹಿಂದೆ ಸ್ವಲ್ಪ ಜಾಗ ಬಿಟ್ಟು ಕಟ್ಟಿಸಿದ್ದೇ ಮಣ್ಣಿನ ಆಸೆಯಿಂದ. ಒಂದು ನುಗ್ಗೆ, ಒಂದು ಕರಿಬೇವು, ಮಲ್ಲಿಗೆಯ ಚಪ್ಪರ, ಜೊತೆಗೆ ನಾಲ್ಕು ಮಡಿ ಸೊಪ್ಪು. ಇಪ್ಪತ್ತು ವರ್ಷಗಳಿಂದ ನಮ್ಮ ಮನೆಗೆ ಕೊತ್ತಂಬರಿ, ದಂಟು, ಮೆಂತ್ಯವನ್ನು ಮಾರುಕಟ್ಟೆಯಿಂದ ತಂದದ್ದು ಕಡಿಮೆ. ಪಕ್ಕದ ಮನೆಗೆ ಈಗಿರುವವರು 2021ರಲ್ಲಿ ಬಂದರು. ಆಗ ಅವರ ಬಳಿ ಇದ್ದದ್ದು ಎರಡು ಬೆಕ್ಕು. ಇಂದು ಬೆಳಗ್ಗೆ ಕಾಂಪೌಂಡಿನ ಮೇಲೆ ಸಾಲಾಗಿ ಕುಳಿತು ಹಾಲಿಗಾಗಿ ಕಾಯುತ್ತಿದ್ದವನ್ನು ಎಣಿಸಿದೆ; ಹನ್ನೊಂದು ಇದ್ದವು.

ಮೊದಲ ವರ್ಷ ನಾನು ಒಂದು ಮಾತನ್ನೂ ಆಡಲಿಲ್ಲ. ಎರಡನೆಯ ವರ್ಷ, ಬಹಳ ಯೋಚಿಸಿ, ಒಂದು ಸಂಜೆ ಹೋಗಿ ವಿನಯದಿಂದಲೇ ಹೇಳಿದೆ. ಮನೆಯಾಕೆ ನನ್ನ ಮಾತು ಮುಗಿಯುವ ಮೊದಲೇ, "ಏನ್ರೀ ಇದು, ಮೂಕಪ್ರಾಣಿ ಕಣ್ರೀ, ಅದಕ್ಕೆ ನಿಮ್ಮ ಕಾಂಪೌಂಡು ನಮ್ಮ ಕಾಂಪೌಂಡು ಅಂತ ಗೊತ್ತಾಗುತ್ತಾ?" ಎಂದರು. ಗೊತ್ತಾಗುವುದಿಲ್ಲ, ನಿಜ. ಬೆಕ್ಕಿಗೆ ಗೊತ್ತಾಗುವುದಿಲ್ಲ ಎನ್ನುವ ಕಾರಣಕ್ಕೇ ಅಲ್ಲವೇ, ಸಾಕಿದ ಮನುಷ್ಯರಿಗೆ ಗೊತ್ತಿರಬೇಕಾದದ್ದು? ನಾನು ದೂರಿದ್ದು ಬೆಕ್ಕನ್ನಲ್ಲ. ಬೆಕ್ಕು ಸಡಿಲ ಮಣ್ಣು ಕಂಡಲ್ಲಿ ತೋಡಿ ಮುಚ್ಚುತ್ತದೆ. ಅದರ ಸ್ವಭಾವವೇ ಅದು. ಅವರ ಮನೆಯ ಸುತ್ತ ಒಂದು ಅಂಗೈಯಷ್ಟೂ ಮಣ್ಣು ಬಿಡದೆ ಗಾರೆ, ಟೈಲ್ಸ್ ಹಾಕಿಸಿಕೊಂಡಿದ್ದಾರೆ. ಒಂದು ಮೂಲೆಯಲ್ಲಿ ಅಗಲವಾದ ತೊಟ್ಟಿಗೆ ಮರಳು ತುಂಬಿ ಇಟ್ಟರೂ ಅರ್ಧ ತೊಂದರೆ ತಪ್ಪುತ್ತಿತ್ತು. ಆದರೆ ಹಾಗೆ ಇಟ್ಟರೆ ಅದನ್ನು ದಿನವೂ ಶುಚಿ ಮಾಡಬೇಕಾದವರು ಅವರಾಗುತ್ತಾರೆ. ಈಗ ಆ ಕೆಲಸ ಖರ್ಚಿಲ್ಲದೆ ನನ್ನ ಪಾಲಿಗೆ ಬಂದಿದೆ.

ಹೊಲಸೊಂದೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಗಂಡು ಬೆಕ್ಕುಗಳು ದೊಡ್ಡವಾದ ಮೇಲೆ ತಮ್ಮ ಎಲ್ಲೆಯನ್ನು ಗುರುತಿಸಿಕೊಳ್ಳಲು ಬಾಲವೆತ್ತಿ ಮೂತ್ರ ಚಿಮುಕಿಸುತ್ತವೆ. ನಮ್ಮ ಮುಂಬಾಗಿಲ ಪಕ್ಕದ ಚಪ್ಪಲಿ ಗೂಡು, ಸ್ಕೂಟರಿನ ಚಕ್ರ, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲು, ಕಡೆಗೆ ತುಳಸಿಕಟ್ಟೆ, ಯಾವುದನ್ನೂ ಅವು ಬಿಟ್ಟಿಲ್ಲ. ಎಪ್ಪತ್ತೆಂಟು ವರ್ಷದ ನಮ್ಮ ಅತ್ತೆಯವರು ಮಿಂದು ಮಡಿಯುಟ್ಟು ದೀಪ ಹಚ್ಚಲು ಹೋದಾಗ ಆ ನಾತಕ್ಕೆ ಮುಖ ತಿರುಗಿಸಿ, ಮತ್ತೆ ಒಳಗೆ ಬಂದು ಬಿಂದಿಗೆಯಲ್ಲಿ ನೀರು ಹಿಡಿದು ಕಟ್ಟೆಯನ್ನು ತೊಳೆಯುವುದನ್ನು ನೋಡಿದಾಗ ನನಗೆ ಬರುವ ಸಿಟ್ಟನ್ನು ಹೇಗೆ ಹೇಳಲಿ? ಆ ವಾಸನೆ ನೀರಿಗೆ ಹೋಗುವಂಥದ್ದಲ್ಲ. ಬಿಸಿಲೇರಿದಂತೆ ಗೋಡೆಯಿಂದ ಮತ್ತೆ ಎದ್ದು ಬರುತ್ತದೆ.

ಕಳೆದ ಏಪ್ರಿಲ್‌ನಲ್ಲಿ ನಡೆದದ್ದನ್ನು ಹೇಳಲೇಬೇಕು. ಅತ್ತೆಯವರು ವರ್ಷಕ್ಕಾಗುವಷ್ಟು ಅರಳು ಸಂಡಿಗೆ ಇಡಿಸಿದ್ದರು. ಬೂದುಗುಂಬಳ ತುರಿದು, ಅರಳು ಕಲಸಿ, ಖಾರ ಅರೆದು, ನಾಲ್ಕು ಪಂಚೆಗಳ ತುಂಬ ಇಡುವಷ್ಟರಲ್ಲಿ ನಮ್ಮಿಬ್ಬರ ಸೊಂಟವೂ ಹಿಡಿದುಕೊಂಡಿತ್ತು. ಮೇಲೆ ಸೊಳ್ಳೆಪರದೆ ಮುಚ್ಚಿ, ಅಂಚಿಗೆ ಇಟ್ಟಿಗೆ ಇಟ್ಟು, ಹನ್ನೆರಡು ಗಂಟೆಗೆ ಊಟಕ್ಕೆ ಇಳಿದೆವು. ಒಂದು ಗಂಟೆಗೆ ಮಹಡಿ ಹತ್ತಿದಾಗ ಪರದೆ ಒಂದು ಕಡೆ ಸರಿದಿತ್ತು. ಎರಡು ಬೆಕ್ಕು ಪಂಚೆಯ ಮೇಲೆ ಹೊರಳಾಡುತ್ತಿದ್ದವು. ಇನ್ನೊಂದು ಅಂಚಿನಲ್ಲಿ ಮೂತ್ರ ಮಾಡಿತ್ತು. ನಾಲ್ಕೂ ಪಂಚೆಯ ಸಂಡಿಗೆಯನ್ನು ಎಸೆದೆವು. ವಿಷಯ ತಿಳಿದಾಗ ಪಕ್ಕದ ಮನೆಯವರು ನಕ್ಕರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದರಲ್ಲಿನ ಇಲಿಯ ಪಾಡು ನನ್ನದಾದದ್ದು ಅಂದು.

ಮಲ್ಲಿಗೆ ಚಪ್ಪರದಲ್ಲಿ ಪ್ರತಿ ವರ್ಷ ಕೆಮ್ಮೀಸೆಯ ಪಿಕಳಾರಗಳು ಗೂಡು ಕಟ್ಟುತ್ತಿದ್ದವು. ಆಳೆತ್ತರವೂ ಇಲ್ಲದ ಪೊದೆಯಲ್ಲಿ ಬಟ್ಟಲಿನಂಥ ಗೂಡು, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಮೊಟ್ಟೆಯೊಡೆದು ಮರಿ ಹಾರಲು ಹನ್ನೆರಡು ಹದಿಮೂರು ದಿನ ಸಾಕು, ಆ ದಿನಗಳಲ್ಲಿ ನಾವು ಆ ಕಡೆ ಬಟ್ಟೆಯನ್ನೂ ಒಣಹಾಕುತ್ತಿರಲಿಲ್ಲ. ಎರಡು ವರ್ಷ ಸತತವಾಗಿ ಗೂಡು ಕೆಳಗೆ ಬಿದ್ದು, ಪುಕ್ಕಗಳಷ್ಟೇ ಉಳಿದವು. ಈ ವರ್ಷ ಅವು ಬರಲೇ ಇಲ್ಲ. ಮೂಕಪ್ರಾಣಿಗಳ ಬಗ್ಗೆ ನನಗೆ ಪಾಠ ಹೇಳುವವರು ಈ ಹಕ್ಕಿಗಳಿಗೂ ಬಾಯಿಲ್ಲ ಎಂಬುದನ್ನು ಒಮ್ಮೆ ನೆನೆಯಬೇಕಿತ್ತು.

ನಾನು ಸುಮ್ಮನೆ ಕುಳಿತು ದೂರುತ್ತಿಲ್ಲ. ಕಿತ್ತಳೆ ಸಿಪ್ಪೆ ಹರಡಿದೆ. ಎರಡು ದಿನ ಬರಲಿಲ್ಲ, ಸಿಪ್ಪೆ ಒಣಗಿದ ಮೂರನೆಯ ದಿನ ಬಂದವು. ಕಾಫಿ ಚರಟ ಹಾಕಿದೆ, ನಿಂಬೆ ಗಿಡದ ಮುಳ್ಳುಕೊಂಬೆ ಕತ್ತರಿಸಿ ಮಡಿಯ ಮೇಲೆ ಹರಡಿದೆ, ಮಣ್ಣು ಒಣಗದಂತೆ ಹೊತ್ತುಹೊತ್ತಿಗೆ ನೀರು ಚಿಮುಕಿಸಿದೆ. ಯಾರೋ ಹೇಳಿದರೆಂದು ನುಸಿಗುಳಿಗೆಯನ್ನೂ ಇಟ್ಟಿದ್ದೆ. ಪರಿಚಯದ ಪಶುವೈದ್ಯರೊಬ್ಬರು ಅದು ಬೆಕ್ಕಿಗೆ ವಿಷ, ಫಿನಾಯಿಲ್ ಕೂಡ ಅದರ ಯಕೃತ್ತಿಗೆ ತಡೆಯದು ಎಂದು ತಿಳಿಸಿದ ದಿನವೇ ಎಲ್ಲವನ್ನೂ ಹೆಕ್ಕಿ ತೆಗೆದೆ. ಕೊನೆಗೆ ಸ್ವಲ್ಪವಾದರೂ ಫಲ ಕೊಟ್ಟದ್ದು ಕೋಳಿ ಜಾಲರಿ. ಅದನ್ನು ಮಡಿಯ ಮೇಲೆ ಚಪ್ಪಟೆಯಾಗಿ ಹಾಸಿ ಅಂಚನ್ನು ಮಣ್ಣಿನಲ್ಲಿ ಹೂತರೆ ಮೊಳಕೆ ಕಣ್ಣುಗಳ ಮೂಲಕ ಮೇಲೆ ಬರುತ್ತದೆ, ಬೆಕ್ಕಿಗೆ ತೋಡಲಾಗುವುದಿಲ್ಲ. ಹಾಗೆ ಎರಡು ಮಡಿಗೆ ಹಾಸಿದೆ. ಅವು ಮೂರನೆಯದಕ್ಕೆ ಹೋದವು. ಇಂದು ಕೆದರಿರುವುದು ಆ ಮೂರನೆಯದೇ. ನನ್ನ ಮನೆಯಲ್ಲಿ ನನ್ನ ಮಣ್ಣನ್ನು ನಾನೇ ಸೆರೆಮನೆಯಂತೆ ಮಾಡಿಕೊಳ್ಳಬೇಕು, ಅದರ ಖರ್ಚನ್ನೂ ನಾನೇ ಹೊರಬೇಕು ಎನ್ನುವುದು ಯಾವ ನ್ಯಾಯ?

ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಗೋಣಿಚೀಲದಲ್ಲಿ ಕಟ್ಟಿ ದೂರದ ಮಾರುಕಟ್ಟೆಯಲ್ಲಿ ಬಿಟ್ಟು ಬನ್ನಿ ಎಂದವರಿದ್ದಾರೆ. ಕಾಂಪೌಂಡಿನ ಮೇಲೆ ಗಾಜಿನ ಚೂರು ನೆಡಿಸಿ ಎಂದವರಿದ್ದಾರೆ. ಅದಕ್ಕಿಂತ ಹೇಯವಾದದ್ದನ್ನು ಪಿಸುಮಾತಿನಲ್ಲಿ ಹೇಳಿದವರೂ ಇದ್ದಾರೆ. ನಾನು ಅದನ್ನು ಮಾಡುವವಳಲ್ಲ. ಪ್ರಾಣಿಯನ್ನು ವಿಷವಿಟ್ಟು ಕೊಂದರೆ ಅಥವಾ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸವಾಗಬಹುದು. ಆ ಕಾನೂನು ಇಲ್ಲದಿದ್ದರೂ ನನ್ನ ಕೈಯಿಂದ ಅದು ಆಗದು. ಆದರೆ ಒಂದು ಮಾತು ನನ್ನನ್ನು ಕಾಡುತ್ತದೆ. ಪ್ರಾಣಿಯನ್ನು ಹಿಂಸಿಸದಿರುವ ಹೊಣೆಯನ್ನು ನಾನು ಇಷ್ಟು ವರ್ಷ ಹೊತ್ತಿದ್ದೇನೆ. ಸಾಕುವ ಹೊಣೆಯನ್ನು ಅವರು ಒಂದು ದಿನವಾದರೂ ಹೊತ್ತಿದ್ದಾರೆಯೇ?

ಹೋದ ಮಳೆಗಾಲದಲ್ಲಿ ಅಡುಗೆಮನೆಗೆ ನುಗ್ಗಿದ ಬೆಕ್ಕನ್ನು ಓಡಿಸಲು ಹೋದ ಅತ್ತೆಯವರ ಮುಂಗೈಯನ್ನು ಅದು ಪರಚಿ ರಕ್ತ ಬರಿಸಿತು. ಆ ಬೆಕ್ಕಿಗೆ ರೇಬಿಸ್ ಲಸಿಕೆ ಹಾಕಿಸಿದ್ದೀರಾ ಎಂದು ಕೇಳಿದರೆ, "ಅದು ನಾವು ಸಾಕಿದ್ದಲ್ಲ, ಸುಮ್ಮನೆ ಬರುತ್ತೆ ಅಷ್ಟೆ" ಎಂಬ ಉತ್ತರ ಬಂತು. ಹಾಲು ಹಾಕುವಾಗ ಹೆಸರು ಹಿಡಿದು ಕರೆಯುವ ಬೆಕ್ಕು ಲಸಿಕೆಯ ಮಾತು ಬಂದೊಡನೆ ಯಾರದೂ ಅಲ್ಲವಾಯಿತು. ನಾವು ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಸರ್ಕಾರಿ ಆಸ್ಪತ್ರೆಗೆ ಓಡಿ, ಅಂದೇ ಮೊದಲ ಚುಚ್ಚುಮದ್ದು ಹಾಕಿಸಿದೆವು. ನಂತರ 3ನೆಯ, 7ನೆಯ, 28ನೆಯ ದಿನ ಆ ವಯಸ್ಸಾದ ಜೀವವನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಬಂದೆವು. ಹೇಗಿದ್ದಾರೆ ಎಂದು ಕೇಳಲು ಪಕ್ಕದ ಮನೆಯಿಂದ ಯಾರೂ ಬರಲಿಲ್ಲ.

ಈಗ ನನ್ನ ತಾಳ್ಮೆ ಮುಗಿದಿರುವುದಕ್ಕೆ ಬೇರೆಯೇ ಕಾರಣವಿದೆ. ಐದು ತಿಂಗಳ ಬಸುರಿಯಾದ ಮಗಳು ಸೋಮವಾರ ಮನೆಗೆ ಬರುತ್ತಿದ್ದಾಳೆ. ಆಕೆಯ ವೈದ್ಯರು ಬೆಕ್ಕಿನ ಹೊಲಸಿರುವ ಮಣ್ಣನ್ನು ಮುಟ್ಟಬಾರದು, ಅಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿನ್ನಬಾರದು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದ ಮೂಲಕ ಹೊರಬಿದ್ದು, ಒಂದರಿಂದ ಐದು ದಿನಗಳಲ್ಲಿ ಸೋಂಕು ತಗುಲಿಸುವ ಸ್ಥಿತಿಗೆ ಬರುತ್ತದೆ. ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಗರ್ಭಿಣಿಗೆ ಮೊದಲ ಬಾರಿಗೆ ಸೋಂಕಾದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಮೆದುಳಿಗೆ ಹಾನಿಯಾಗಬಹುದು. ಎಲ್ಲ ಬೆಕ್ಕುಗಳೂ ಸದಾ ಇದನ್ನು ಹರಡುವುದಿಲ್ಲ ಎಂಬುದನ್ನೂ ಓದಿ ತಿಳಿದಿದ್ದೇನೆ. ಸಾಮಾನ್ಯವಾಗಿ ಮೊದಲ ಸಲ ಸೋಂಕಾದ ಬೆಕ್ಕು ಕೆಲವು ವಾರ ಮಾತ್ರ ಹೊರಹಾಕುತ್ತದೆ, ಮತ್ತು ಆ ಮೊದಲ ಸೋಂಕು ಹೆಚ್ಚಾಗಿ ಬರುವುದು ಇಲಿ, ಹಕ್ಕಿ ಹಿಡಿಯಲು ಕಲಿಯುತ್ತಿರುವ ಎಳೆಯ ಬೆಕ್ಕುಗಳಿಗೆ. ಪಕ್ಕದ ಮನೆಯಲ್ಲಿ ಎಳೆಯ ಬೆಕ್ಕುಗಳಿಲ್ಲದ ಕಾಲವೇ ಇಲ್ಲ. ಹೆಣ್ಣು ಬೆಕ್ಕು ಆರು ತಿಂಗಳು ತುಂಬುವ ಮೊದಲೇ ಬೆದೆಗೆ ಬರಬಹುದು, ಗರ್ಭ ಎರಡು ತಿಂಗಳಿನಷ್ಟೇ. ವರ್ಷಕ್ಕೆ ಎರಡು ಮೂರು ಸೂಲು ಮರಿ ಹಾಕುತ್ತದೆ. ಎರಡು ಹನ್ನೊಂದಾದದ್ದು ಹೀಗೆ, ಅದೂ ಎಷ್ಟೋ ಮರಿಗಳು ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಮೇಲೆ. ಆ ಪುಟ್ಟ ದೇಹಗಳನ್ನು ಎತ್ತಿ ಹೂತದ್ದೂ ಎರಡು ಸಲ ನನ್ನ ಗಂಡನೇ.

ಹೋದ ಭಾನುವಾರ ಮತ್ತೆ ಅವರ ಮನೆಗೆ ಹೋದೆ. ಬೆಕ್ಕುಗಳನ್ನು ಓಡಿಸಿ ಎಂದು ಕೇಳಲಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಗಂಡುಗಳು ಮೂತ್ರ ಚಿಮುಕಿಸುವುದೂ ಬಹುಪಾಲು ನಿಲ್ಲುತ್ತದೆ, ರಾತ್ರಿಯ ಕಾದಾಟವೂ ತಗ್ಗುತ್ತದೆ, ಖರ್ಚಿನಲ್ಲಿ ಅರ್ಧ ನಾನು ಕೊಡುತ್ತೇನೆ, ಪಂಜರವನ್ನೂ ಗಾಡಿಯನ್ನೂ ನಾವೇ ಗೊತ್ತು ಮಾಡುತ್ತೇವೆ ಎಂದೆ. ಯಜಮಾನರು ದಿನಪತ್ರಿಕೆಯಿಂದ ಕಣ್ಣೆತ್ತದೆ, "ಪ್ರಕೃತಿಗೆ ವಿರುದ್ಧ ನಾವು ಹೋಗಲ್ಲಮ್ಮ" ಎಂದರು. ಮರಿಗಳನ್ನು ಗಾಲಿಗೆ ಬಿಡುವುದು ಪ್ರಕೃತಿಗೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ನಾಲಿಗೆಯ ತುದಿಯವರೆಗೂ ಬಂತು. ಮಗಳು ಬರುವ ಹೊತ್ತಿನಲ್ಲಿ ಜಗಳ ಬೇಡವೆಂದು ನುಂಗಿಕೊಂಡು ಬಂದೆ. ಅಂದು ನುಂಗಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾಳೆ ಇಬ್ಬರು ಕೆಲಸದವರು ಬರುತ್ತಾರೆ. ನಾಲ್ಕೂ ಮಡಿಗಳ ಮೇಲ್ಮಣ್ಣನ್ನು ಒಂದು ಅಡಿ ಆಳ ತೆಗೆಸಿ ಹಾಕಿಸಿ, ಆ ಜಾಗಕ್ಕೆ ಚಪ್ಪಡಿ ಕಲ್ಲು ಹಾಸಿಸಲು ಹೇಳಿದ್ದೇನೆ. ಇಪ್ಪತ್ತು ವರ್ಷ ಗೊಬ್ಬರ ಹಾಕಿ, ಜರಡಿ ಹಿಡಿದು, ನಾನೇ ಹದ ಮಾಡಿದ ಮಣ್ಣು ಅದು.