‘ಎಐ ನಾಲ್ಕು ಕಂಪನಿಗಳ ಸ್ವತ್ತು’ ಅನ್ನೋದು ಪೂರ್ತಿ ನಿಜವಲ್ಲ
"ಎಐ ಮಾಡೋದು ಅಮೆರಿಕದ ನಾಲ್ಕು ಕಂಪನಿಗಳಿಗೆ ಮಾತ್ರ ಸಾಧ್ಯ. ಮಣಿಪಾಲ, ಸುರತ್ಕಲ್‌ನಲ್ಲಿ ಅದನ್ನು ಓದಿ ಪ್ರಯೋಜನವಿಲ್ಲ" ಎಂಬ ಸಂದೇಶ ಉಡುಪಿ, ಮಂಗಳೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ನಮ್ಮ ಮನೆಯವರ ಗ್ರೂಪಿಗೇ ಮೂರು ಸಲ ಬಂತು.

ದೊಡ್ಡ ಎಐ ಮಾದರಿಯನ್ನು (ಮಾಡೆಲ್, ಅಂದರೆ ಉತ್ತರ ಕೊಡುವ ಮೂಲ ಪ್ರೋಗ್ರಾಂ) ಮೊದಲಿನಿಂದ ಕಟ್ಟಲು ಸಾವಿರಾರು ಚಿಪ್ ಬೇಕು, ಅದಕ್ಕೆ ತಕ್ಕ ಕರೆಂಟೂ ಬೇಕು. ಅಲ್ಲಿ ದೊಡ್ಡವರದ್ದೇ ಕಾರುಬಾರು, ಒಪ್ಪೋಣ. ಆದರೆ ಕಟ್ಟಿದ ಮೇಲೆ ಎಲ್ಲರೂ ಬೀಗ ಹಾಕಿ ಇಡುವುದಿಲ್ಲ. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ 2023ರಲ್ಲಿ ತನ್ನ ಲಾಮಾ 2 ಮಾದರಿಯನ್ನು ಡೌನ್‌ಲೋಡಿಗೆ ಬಿಟ್ಟಿತು. ಷರತ್ತುಗಳಿವೆ ಅನ್ನಿ. 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್ ತನ್ನ ಆರ್1 ಮಾದರಿಯನ್ನು ಎಂಐಟಿ ಲೈಸೆನ್ಸಿನಲ್ಲಿ ಕೊಟ್ಟಿತು. (ಈ ಎಂಐಟಿ ಅಮೆರಿಕದ ವಿಶ್ವವಿದ್ಯಾಲಯ, ನಮ್ಮ ಮಣಿಪಾಲದ ಕಾಲೇಜಲ್ಲ ಮತ್ತೆ!) ಆ ಲೈಸೆನ್ಸ್ ಇದ್ದರೆ ಯಾರು ಬೇಕಾದರೂ ಮಾದರಿಯನ್ನು ತಿದ್ದಬಹುದು, ಅದರಿಂದ ವ್ಯಾಪಾರವನ್ನೂ ಮಾಡಬಹುದು. ಅದರ ಜೊತೆ ಬಂದ ಚಿಕ್ಕ ಮಾದರಿಗಳು ಒಳ್ಳೆ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ.

ಐಐಟಿ ಮದ್ರಾಸಿನ ಎಐ4ಭಾರತ್ ತಂಡವೂ ಕನ್ನಡ ಸೇರಿ 22 ಭಾಷೆಗಳ ಅನುವಾದ ಮಾದರಿಯನ್ನು ಹೀಗೇ ಮುಕ್ತವಾಗಿ ಬಿಟ್ಟಿದೆ.

ಆ 22ರಲ್ಲಿ ತುಳು ಮಾತ್ರ ಇಲ್ಲ. 2024ರಲ್ಲಿ ತುಳುವನ್ನು ತನ್ನ ಅನುವಾದ ಸೇವೆಗೆ ಸೇರಿಸಿದ್ದು ಗೂಗಲ್. ಇಷ್ಟರ ಮಟ್ಟಿಗೆ ಸಂದೇಶ ಬರೆದವರ ಮಾತಿನಲ್ಲೂ ಹುರುಳಿದೆ.