ಹತ್ತೋ, ಹತ್ತೊಂಬತ್ತೋ

ಕಳೆದ ತಿಂಗಳು ಒಂದು ಸಂಜೆ ರಾಯಚೂರಿನ ತೀನ್ ಕಂದಿಲ್ ಹತ್ತಿರದ ಬಂಡಿಯೊಂದರ ಮುಂದೆ ನಿಂತು ಒಂದು ತಾಟು ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು, ಕೈ ಒರೆಸಿಕೊಂಡು, 40 ರೂಪಾಯಿ ಕೊಡಲೆಂದು ಫೋನನ್ನು ಹೊರತೆಗೆದೆ. ಸ್ಕ್ಯಾನ್ ಆಯಿತು, ಮೊತ್ತ ಬರೆದೆ, ಪಿನ್ ಒತ್ತಿದೆ, ಚಕ್ರ ತಿರುಗತೊಡಗಿತು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಒತ್ತಿದರೆ ಮಾತಿಲ್ಲ, ಹಿಚುಕಿದರೆ ಕತೆಯಿಲ್ಲ. ಪಿನ್ ಒತ್ತುವ ಮುನ್ನ ಮೇಲಿನ ಮೂಲೆಯಲ್ಲಿ ಶೇಕಡಾ 31 ಎಂದಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಬಂಡಿಯವನು ಕಡಾಯಿಯ ಪಕ್ಕದಲ್ಲಿ ತೂಗುಹಾಕಿದ್ದ ಸೌಂಡ್ ಬಾಕ್ಸಿನ ಕಡೆಗೆ ಕಿವಿಗೊಟ್ಟ, ಅದೂ ಸುಮ್ಮನಿತ್ತು. ಹಣ ನನ್ನ ಖಾತೆಯಿಂದ ಹೊರಟಿತೋ ಇಲ್ಲವೋ, ಹೊರಟಿದ್ದರೆ ಅವನನ್ನು ಮುಟ್ಟಿತೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ಹಿಂದೆ ನಿಂತಿದ್ದವರು ನನ್ನ ಅಂಗಿಯನ್ನೂ ಚಪ್ಪಲಿಯನ್ನೂ ನೋಡಿ ಲೆಕ್ಕ ಹಾಕತೊಡಗಿದ್ದರು. ‘ಇರ್ಲಿ ಬಿಡ್ರಿ ಸರ, ನಾಳಿ ಕೊಡ್ರಿ’ ಎಂದ ಬಂಡಿಯವನು. ಅವನ ದನಿಯಲ್ಲಿ ಕರುಣೆಯಿತ್ತು. ಅದನ್ನೇ ನನಗೆ ಸಹಿಸಲಾಗಲಿಲ್ಲ.

ಮನೆಗೆ ನಡೆದು ಬರುವಾಗ ಈ ಪ್ರಸಂಗದಿಂದ ಒಂದು ಗಂಭೀರವಾದ ಮಾತು ಹೊಳೆಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನನ್ನ ಸಿಟ್ಟು ಇಳಿಯಬೇಕು.

ಶೇಕಡಾ 31 ಎಂದು ತೋರಿಸಿ ಸೊನ್ನೆಯನ್ನು ಕೊಡುವ ತಕ್ಕಡಿಯನ್ನು ನಮ್ಮ ರಾಜೇಂದ್ರ ಗಂಜಿನಲ್ಲಿ ಯಾರಾದರೂ ಇಟ್ಟುಕೊಂಡಿದ್ದರೆ ಹತ್ತಿ ತಂದ ರೈತರು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಫೋನಿಗೆ ಮಾತ್ರ ಎಲ್ಲವೂ ಮಾಫಿ. ತಿಳಿದವರು ಹೇಳುವ ಕಾರಣ ಸರಿಯಾಗಿಯೇ ಇದೆ: ಬ್ಯಾಟರಿ ಹಳತಾದಂತೆ ಅದರ ಒಳಗಿನ ಪ್ರತಿರೋಧ ಹೆಚ್ಚುತ್ತದೆ, ಒಮ್ಮೆಲೇ ಭಾರ ಬಿದ್ದಾಗ ವೋಲ್ಟೇಜು ಕುಸಿಯುತ್ತದೆ, ಕುಸಿದದ್ದನ್ನು ಕಂಡ ಫೋನು ತನ್ನ ರಕ್ಷಣೆಗಾಗಿ ತಾನೇ ಆರಿಹೋಗುತ್ತದೆ, ಮೂಲೆಯಲ್ಲಿ ಕಾಣುವ ಅಂಕಿ ಅಳತೆಯಲ್ಲ, ಅಂದಾಜು. ಇದೆಲ್ಲ ನನಗೆ ಅರ್ಥವಾಗುತ್ತದೆ. ಅಂದಾಜಾಗಿದ್ದರೆ ‘ಮೂವತ್ತರ ಆಸುಪಾಸು’ ಎಂದು ತೋರಿಸಬಹುದಿತ್ತಲ್ಲ, ಆ ಮೇಲಿನ ಒಂದು ಯಾವ ಧೈರ್ಯದ ಮೇಲೆ ಬಂತು ಎಂಬುದು ಮಾತ್ರ ಅರ್ಥವಾಗುವುದಿಲ್ಲ.

ಸೆಟ್ಟಿಂಗ್ಸಿನ ಒಳಗೆ ಇಳಿದು ನೋಡಿದರೆ ‘ಬ್ಯಾಟರಿ ಆರೋಗ್ಯ’ ಎಂಬ ಒಂದು ಸಾಲಿದೆ. ನನ್ನ ಫೋನಿನದು ಶೇಕಡಾ 78. ಇದನ್ನು ಓದಿದವರೆಲ್ಲ ಕೂಡಲೇ ತಮ್ಮ ಮಂಡಿನೋವು, ಸಕ್ಕರೆ ಕಾಯಿಲೆಗಳನ್ನು ನೆನೆದು ‘ನಮ್ಮದೂ ಅಷ್ಟೇ ನೋಡ್ರಿ’ ಎಂದು ನಗುತ್ತಾರೆ. ಮದುವೆ ಮನೆಗಳಲ್ಲಿ ಈ ವಿನೋದವನ್ನು ಇಷ್ಟು ಸಲ ಕೇಳಿದ್ದೇನೆಂದರೆ, ಇನ್ನೊಮ್ಮೆ ಯಾರಾದರೂ ಹೇಳಿದರೆ ಊಟ ಬಿಟ್ಟು ಎದ್ದುಬಿಡುವ ನಿರ್ಧಾರ ಮಾಡಿದ್ದೇನೆ.

ಸಲಹೆಗಾರರ ಕಾಟ ಇದಕ್ಕಿಂತ ದೊಡ್ಡದು. ನಮ್ಮ ಮಾವನವರ ಪ್ರಕಾರ ಬ್ಯಾಟರಿ ಪೂರ್ತಿ ಬರಿದಾದ ಮೇಲೆಯೇ ಚಾರ್ಜಿಗೆ ಹಚ್ಚಬೇಕು. ಅದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಶಾಸ್ತ್ರ. ಆ ಬ್ಯಾಟರಿಗಳು ಹೋದವು, ಶಾಸ್ತ್ರ ಉಳಿಯಿತು. ತಂಗಿಯ ಮಗನ ಪ್ರಕಾರ 20ರ ಕೆಳಗೆ ಇಳಿಸಬಾರದು, 80ರ ಮೇಲೆ ಏರಿಸಬಾರದು. ಲಿಥಿಯಂ-ಅಯಾನ್ ಬ್ಯಾಟರಿಯ ವಿಷಯದಲ್ಲಿ ಅವನ ಮಾತು ನಿಜ. ಪೂರ್ತಿ ತುಂಬಿದ ಸ್ಥಿತಿಯಲ್ಲಿ ಅದು ಬೇಗ ಸವೆಯುತ್ತದೆ. ಆದರೆ 5,000 ಎಂಎಎಚ್ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದು ಹಣ ಎಣಿಸಿಕೊಂಡ ಮೇಲೆ ಅದರಲ್ಲಿ ಮೂರು ಸಾವಿರವನ್ನಷ್ಟೇ ಬಳಸೆಂದರೆ, ಊಟಕ್ಕೆ ಕರೆದು ತಾಟಿನ ತಳದ ಅನ್ನ ಮುಟ್ಟಬೇಡ, ಮೇಲಿನ ತುಪ್ಪ ಹಾಕಿಸಿಕೊಳ್ಳಬೇಡ ಎಂದಂತಾಯಿತು. ಹುಡುಗನಿಗೆ ಇದನ್ನು ಹೇಳಿದೆ. ಅವನು ತನ್ನ ಫೋನು ನೋಡುತ್ತಿದ್ದ.

ನಾನು ಹುಟ್ಟಿ ಬೆಳೆದ ಕಡೆಯಲ್ಲಿ ‘ಬ್ಯಾಟರಿ’ ಎಂದರೆ ಟಾರ್ಚು. ‘ಬ್ಯಾಟರಿ ಹಿಡಿ’ ಎಂದರೆ ಬೆಳಕು ಬಿಡು ಎಂದರ್ಥ. ಅದರೊಳಗೆ ಹಾಕುವುದು ಶೆಲ್ಲು. ಮಾನ್ವಿ ತಾಲ್ಲೂಕಿನ ಒಂದು ಊರಿನಲ್ಲಿದ್ದ ನಮ್ಮ ಅಜ್ಜನ ಬಳಿ ಮೂರು ಶೆಲ್ಲಿನ ಬ್ಯಾಟರಿಯೊಂದು, ನಾಲ್ಕು ಶೆಲ್ಲಿನ ರೇಡಿಯೋ ಒಂದು ಇದ್ದವು. ಹೊಸ ಶೆಲ್ಲುಗಳಿಗೆ ಮೊದಲು ಬ್ಯಾಟರಿಯಲ್ಲಿ ನೌಕರಿ. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವಾಗ ಬೆಳಕು ಚೊಕ್ಕವಾಗಿರಬೇಕಿತ್ತು. ಬೆಳಕು ಕೆಂಪಗಾದ ಮೇಲೆ ಅವಕ್ಕೆ ರೇಡಿಯೋಗೆ ವರ್ಗಾವಣೆ, ಏಕೆಂದರೆ ರೇಡಿಯೋ ಕಡಿಮೆ ತಿನ್ನುತ್ತದೆ. ಅಲ್ಲಿಯೂ ದನಿ ಕುಗ್ಗಿದರೆ ಅಜ್ಜ ಅವನ್ನು ಕಾಳು ಕೇರುವ ಒಂದು ಮರದಲ್ಲಿ ಹಾಕಿ ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದ. ಒಂದು ಕಡೆ ಅಜ್ಜಿಯ ಸಂಡಿಗೆ, ಇನ್ನೊಂದು ಕಡೆ ಅಜ್ಜನ ಶೆಲ್ಲು, ನಡುವೆ ಕಾಗೆ ಓಡಿಸಲು ಕೋಲು ಹಿಡಿದ ನಾನು. ಮಧ್ಯಾಹ್ನದ ಬಿಸಿಲು ಕುಡಿದ ಶೆಲ್ಲು ಸಂಜೆ ನಿಜವಾಗಿಯೂ ಮಾತಾಡುತ್ತಿತ್ತು. ಕಾವಿಗೆ ಒಳಗಿನ ರಸಾಯನ ಚುರುಕಾಗಿ ಇನ್ನೆರಡು ದಿನದ ಜೀವ ಸಿಗುತ್ತಿತ್ತು. ಒಮ್ಮೆ ಶೆಲ್ಲೊಂದು ಸೋರಿ ಅಜ್ಜಿ ಸಂಡಿಗೆ ಹಾಕಿದ್ದ ಹಳೆಯ ಇಳಕಲ್ ಸೀರೆಗೆ ಕರೆಯಾಯಿತು. ಅಂದಿನಿಂದ ‘ನಿಮ್ಮ ಶೆಲ್ಲು’ ಎನ್ನುವಾಗ ಅಜ್ಜಿಯ ಬಾಯಲ್ಲಿ ಅದು ಬೈಗುಳವಾಗಿತ್ತು.

ಒಂದು ಜುಲೈ ತಿಂಗಳ ಆರಂಭದ ಮಾತು. ಊರಿಗೆ ಊರೇ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂದು ಕಾಯುತ್ತಿತ್ತು. 200 ಕಿಲೋಮೀಟರಿಗೂ ಉದ್ದದ ಕಾಲುವೆ ಅದು, ನಮ್ಮದು ಕೊನೆಯ ಭಾಗ. ತಾರೀಖು ತಿಳಿಯದೆ ನೆಲ್ಲಿನ ಸಸಿ ಹಾಕುವಂತಿಲ್ಲ. ಸಂಜೆಯ ಪ್ರದೇಶ ಸಮಾಚಾರದಲ್ಲಿ ಹೇಳುತ್ತಾರಂತೆ ಎಂಬ ಸುದ್ದಿ ಹಬ್ಬಿ ನಮ್ಮ ಪಡಸಾಲೆಯಲ್ಲಿ ಇಪ್ಪತ್ತು ಜನ ಸೇರಿದರು. ದುರದೃಷ್ಟಕ್ಕೆ ಅದಕ್ಕೆ ಮೊದಲಿನ ಮೂರು ದಿನವೂ ಮೋಡ, ಶೆಲ್ಲುಗಳು ಬಿಸಿಲು ಕಂಡಿರಲಿಲ್ಲ. ಅಜ್ಜ ಅದುವರೆಗೆ ಯಾರೂ ಮುಟ್ಟದಂತೆ ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದು, ವಾರ್ತೆ ಆರಂಭವಾಗುವ ಹೊತ್ತಿಗೆ ಸರಿಯಾಗಿ ಕಿವಿ ಹಿಂಡಿದ. ದೆಹಲಿಯ ಸುದ್ದಿ ಬಂತು, ಬೆಂಗಳೂರಿನ ಸುದ್ದಿ ಬಂತು, ದನಿ ಇಳಿಯುತ್ತ ಇಳಿಯುತ್ತ ಬಾವಿಯೊಳಗಿಂದ ಬಂದಂತಾಯಿತು, ಇಪ್ಪತ್ತು ತಲೆಗಳು ಒಂದೇ ಡಬ್ಬಿಯ ಮೇಲೆ ಬಾಗಿದವು. ‘ಎಡದಂಡೆ ಕಾಲುವೆಗೆ ಇದೇ ತಿಂಗಳ ಹತ್ತ್—’ ಎಂದದ್ದೇ ಕೊನೆ. ಮುಂದೆ ಗುಂಯ್ ಎನ್ನುವ ಸದ್ದೂ ಇರಲಿಲ್ಲ.

ಹತ್ತೋ, ಹತ್ತೊಂಬತ್ತೋ? ಅಜ್ಜ ಶೆಲ್ಲುಗಳನ್ನು ಕಿತ್ತುಕೊಂಡು ಅಡುಗೆಮನೆಗೆ ಓಡಿ ಒಲೆಯ ಬಿಸಿಬೂದಿಯಲ್ಲಿ ಹುಗಿದ. ಅಜ್ಜಿ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಬೂದಿ ಝಾಡಿಸಿ ಮತ್ತೆ ಹಾಕಿದಾಗ ರೇಡಿಯೋ ಜೀವ ಹಿಡಿಯಿತು, ಆದರೆ ಆಗ ಅದರಲ್ಲಿ ಯಾರೋ ಪ್ರೇಮಗೀತೆ ಹಾಡುತ್ತಿದ್ದರು. ಪಡಸಾಲೆಯಲ್ಲಿ ಅಷ್ಟರಲ್ಲಿ ಎರಡು ಪಕ್ಷಗಳಾಗಿದ್ದವು. ದನಿ ನಿಲ್ಲುವಾಗ ‘ತ್ತ’ ಎಂದಿತ್ತೋ ‘ತ್ತೊ’ ಎಂದಿತ್ತೋ ಎಂಬುದರ ಮೇಲೆ ಅಂದು ನಡೆದ ವಾದದಷ್ಟು ಸೂಕ್ಷ್ಮವಾದ ವ್ಯಾಕರಣ ಚರ್ಚೆಯನ್ನು ನಾನು ಮುಂದೆ ಯಾವ ಕಾಲೇಜಿನಲ್ಲೂ ಕೇಳಲಿಲ್ಲ. ಓದಿದವನ ತುಟಿ ದುಂಡಗಾಗಿದ್ದು ತನಗೆ ಕೇಳಿಸಿತೆಂದು ಒಬ್ಬರು ಆಣೆ ಮಾಡಿದರು. ಒಂದು ಚೀಲ ಜೋಳದ ಪಂಥ ಕಟ್ಟಿದರು. ಮರುದಿನ ಪತ್ರಿಕೆ ನೋಡಿದರಾಯಿತು ಎಂದು ಶಾಲೆಯ ಮಾಸ್ತರರು ಹೇಳಿದ್ದು ಯಾರಿಗೂ ರುಚಿಸಲಿಲ್ಲ. ರುಚಿಸಿದ್ದರೂ ಉಪಯೋಗವಿರಲಿಲ್ಲ, ರಾತ್ರಿಯ ಮಳೆಗೆ ಹಳ್ಳ ಬಂದು ಎರಡು ದಿನ ಬಸ್ಸೇ ಬರಲಿಲ್ಲ. ಹತ್ತಿನವರು ಸಸಿ ಹಾಕಿದರು, ಹತ್ತೊಂಬತ್ತಿನವರು ಹಾಕಲಿಲ್ಲ. ನೀರು ನಮ್ಮೂರಿನ ತೂಬನ್ನು ಮುಟ್ಟಿದ್ದು ಇಪ್ಪತ್ತನಾಲ್ಕಕ್ಕೆ. ಜೋಳದ ಚೀಲ ಯಾರಿಗೆ ಸೇರಬೇಕೆಂಬುದು ತೀರ್ಮಾನವಾಗಲಿಲ್ಲ. ಅಜ್ಜ ತೀರಿಕೊಂಡ ಮೇಲೂ ಆ ಊರಿನಲ್ಲಿ ಎರಡು ಮನೆಗಳಿಗೆ ‘ಹತ್ತಿನವರು’, ‘ಹತ್ತೊಂಬತ್ತಿನವರು’ ಎಂಬ ಹೆಸರೇ ಉಳಿದಿತ್ತು. ಆ ನಾಲ್ಕು ಶೆಲ್ಲುಗಳನ್ನು ಮಾತ್ರ ನಾವು ಹುಡುಗರು ಒಡೆದು, ಒಳಗಿನ ಕರಿಪುಡಿಯನ್ನು ತೊಂಡೆ ಎಲೆಯ ರಸದಲ್ಲಿ ಕಲಸಿ ಶಾಲೆಯ ಹಲಗೆಗೆ ಬಳಿದೆವು. ಮಾಸ್ತರರು ಅದರ ಮೇಲೆಯೇ ಲೆಕ್ಕ ಹೇಳಿಕೊಟ್ಟರು.

ಅಜ್ಜನ ಶೆಲ್ಲಿಗೆ ಮರುಜೀವ ಕೊಟ್ಟ ಅದೇ ಬಿಸಿಲು ನನ್ನ ಫೋನಿನ ಬ್ಯಾಟರಿಯನ್ನು ತಿನ್ನುತ್ತಿದೆ. ಆ್ಯಪಲ್ ಕಂಪನಿಯು ತನ್ನ ಫೋನುಗಳನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಬಳಸಬೇಕು, ಅದಕ್ಕೂ ಮೀರಿದ ಶಾಖ ಬ್ಯಾಟರಿಯ ಧಾರಣಶಕ್ತಿಯನ್ನು ಶಾಶ್ವತವಾಗಿ ಕುಗ್ಗಿಸಬಹುದು ಎಂದು ಹೇಳುತ್ತದೆ. ನನ್ನದು ಬೇರೆ ಕಂಪನಿಯ ಫೋನಾದರೂ ಒಳಗಿನ ಲಿಥಿಯಂ ಅದೇ. ಮೂವತ್ತೈದು! ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಪಾರಾ 40 ದಾಟಿ ಕೂರುತ್ತದೆ. 35 ಎಂಬುದು ನಾವು ಮುಂಜಾನೆ ಉಪ್ಪಿಟ್ಟು ತಿಂದು ಹೊರಬೀಳುವಾಗಿನ ತಂಪು. ಅಂದರೆ ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ ಫೋನನ್ನು ಮುಟ್ಟಬೇಡಿ ಎಂದು ನಮಗೆ ಸಭ್ಯ ಭಾಷೆಯಲ್ಲಿ ತಿಳಿಸಿದ್ದಾರೆ. ಈ ಬ್ಯಾಟರಿಗಾಗಿ 2019ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಜಾನ್ ಗುಡ್‌ಇನಫ್ ಅವರಿಗೆ ಆಗ 97 ವರ್ಷ; ನೂರು ತುಂಬಿಸಿ 2023ರಲ್ಲಿ ತೀರಿಕೊಂಡರು. ಅವರ ಬಗ್ಗೆ ನನಗೆ ಗೌರವವಿದೆ. ಒಂದು ಮೇ ತಿಂಗಳನ್ನು ಅವರು ನಮ್ಮಲ್ಲಿ ಕಳೆದಿದ್ದರೆ ಚೆನ್ನಾಗಿರುತ್ತಿತ್ತು.

ಇನ್ನೊಂದು ಹೊಟ್ಟೆಉರಿಯನ್ನೂ ಹೇಳಿಬಿಡುತ್ತೇನೆ. ನಮ್ಮೂರಿನ ಪಕ್ಕದಲ್ಲೇ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಿದ್ದಾರೆ. ಆ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್. ನನ್ನ ಫೋನು ಬರಿದಾದದ್ದು ತುಂಬಲು ಬೇಕಾದದ್ದು ಸುಮಾರು 19 ವ್ಯಾಟ್-ಅವರ್, ಅಂದರೆ ಒಂದು ಯೂನಿಟ್ಟಿನ ಐವತ್ತನೆಯ ಒಂದು ಪಾಲು. ಒಂದು ರಾತ್ರಿ ನಿದ್ದೆ ಬಾರದೆ ಗುಣಿಸಿ ನೋಡಿದೆ. ಸ್ಥಾವರ ಪೂರ್ಣ ಬಲದಲ್ಲಿ ಓಡಿದರೆ ಅದರ ಒಂದೇ ಸೆಕೆಂಡಿನ ಉತ್ಪಾದನೆಯಲ್ಲಿ ಇಂಥ 20 ಸಾವಿರಕ್ಕೂ ಹೆಚ್ಚು ಫೋನುಗಳನ್ನು ತುಂಬಬಹುದು. ಹೀಗಿರುವಾಗ ಆ ಊರಿನ ನಾಗರಿಕನೊಬ್ಬ ಮಿರ್ಚಿಯ ಬಂಡಿಯ ಮುಂದೆ ಸಾಲಗಾರನಾಗಿ ನಿಲ್ಲುವುದೆಂದರೆ ಹೊಳೆಯ ದಂಡೆಯಲ್ಲಿದ್ದು ಬಾಯಾರಿದಂತೆ.

ಕೊನೆಗೆ ಮೊಬೈಲ್ ರಿಪೇರಿಯ ಅಂಗಡಿಗೆ ಹೋದೆ. ಇಪ್ಪತ್ತರ ಆಸುಪಾಸಿನ ಹುಡುಗ. ಬಿಸಿಗಾಳಿ ಹಾಯಿಸಿ ಅಂಟನ್ನು ಸಡಿಲಿಸಿ, ಪ್ಲಾಸ್ಟಿಕ್ಕಿನ ಚಪ್ಪಟೆ ಪಟ್ಟಿಯೊಂದನ್ನು ತೂರಿಸಿ ಬೆನ್ನನ್ನು ಬಿಡಿಸಿದ. ಹಿಂದೆ ಕೀಪ್ಯಾಡ್ ಫೋನಿನ ಬೆನ್ನನ್ನು ಉಗುರಿನಿಂದಲೇ ತೆಗೆದು ಬಿಎಲ್-5ಸಿ ಬ್ಯಾಟರಿಯನ್ನು ಬದಲಿಸುತ್ತಿದ್ದುದು ನೆನಪಾಯಿತು. ಹುಡುಗ ಬ್ಯಾಟರಿಯನ್ನು ಹೊರತೆಗೆದು ಗಾಜಿನ ಕೌಂಟರಿನ ಮೇಲೆ ಮಲಗಿಸಿ ಬೆರಳಿನಿಂದ ಒಂದು ಸಲ ತಿರುಗಿಸಿದ. ಅದು ಬುಗುರಿಯಂತೆ ಗರಗರ ತಿರುಗಿತು. ‘ನೋಡ್ರಿ ಅಂಕಲ್, ಉಬ್ಬೇದ. ಛಲೋ ಇದ್ದದ್ದು ಕುಂತಲ್ಲೇ ಕುಂದರ್ತದ, ತಿರುಗಂಗಿಲ್ಲ.’ ಹೊಸದು ಹೈದರಾಬಾದಿನಿಂದ ಬರಬೇಕು, ಮೂರು ದಿನ, ಎರಡು ಸಾವಿರ ರೂಪಾಯಿ. ಹೊಸದನ್ನು ಹಾಕಿದರೆ ಆರೋಗ್ಯ ನೂರು ತೋರಿಸುತ್ತದೆಯೇ ಎಂದು ಕೇಳಿದೆ. ‘ತೋರಸ್ತದ್ರಿ,’ ಎಂದು ನಕ್ಕ, ‘ನಂಬಬ್ಯಾಡ್ರಿ.’ ಅಲ್ಲಿಯವರೆಗೆ ಉಬ್ಬಿದ್ದನ್ನೇ ಮತ್ತೆ ಹಾಕಿ ಕೊಡು ಎಂದರೆ ಒಪ್ಪಲಿಲ್ಲ. ಬ್ಯಾಟರಿಯಿಲ್ಲದ ಫೋನನ್ನು ಕಾಗದದಲ್ಲಿ ಸುತ್ತಿ ಡ್ರಾಯರಿಗೆ ಹಾಕಿಕೊಂಡು ಒಂದು ಚೀಟಿ ಬರೆದುಕೊಟ್ಟ.

ಮಿರ್ಚಿಯ ಮರುದಿನದ ಕತೆ ಬಾಕಿಯಿದೆ. ಅಂದು ರಾತ್ರಿ ಫೋನನ್ನು ಚಾರ್ಜಿಗೆ ಹಚ್ಚಿದ ಮೇಲೆ ಬ್ಯಾಂಕಿನ ಸಂದೇಶ ಬಂದಿತ್ತು: 40 ರೂಪಾಯಿ ಸಂದಾಯವಾಗಿದೆ. ಆ ಮಾತಿನ ಅರ್ಧವನ್ನು ನುಂಗಿ ಫೋನು ಸತ್ತಿತ್ತು, ಅಷ್ಟೆ. (ನಡೆದು ಬರುವಾಗ ಹೊಳೆದಿದ್ದ ಗಂಭೀರ ಮಾತು ಆ ಸಂದೇಶದ ಖುಷಿಯಲ್ಲಿ ಮರೆತುಹೋಯಿತು, ಎಷ್ಟು ನೆನೆದರೂ ಬರುತ್ತಿಲ್ಲ.) ಮರುದಿನ ಸಂಜೆ ಕಳೆದ ಮಾನವನ್ನು ವಸೂಲು ಮಾಡಲೆಂದೇ ಬಂಡಿಗೆ ಹೋಗಿ ಪರದೆಯನ್ನು ಅವನ ಮುಖಕ್ಕೆ ಹಿಡಿದೆ. ಅವನು ಓದಲೂ ಇಲ್ಲ.

‘ಗೊತ್ತದರಿ ಸರ. ನಿನ್ನಿ ಪೆಟ್ಟಿಗಿದೂ ಚಾರ್ಜ್ ಹೋಗಿತ್ತು.’

ಸೌಂಡ್ ಬಾಕ್ಸು ಕಡಾಯಿಯ ಪಕ್ಕದಲ್ಲಿ ಇರಲಿಲ್ಲ. ಹಿಂದಿನ ಅಂಗಡಿಯಿಂದ ಎಳೆದ ಒಂದು ವೈರಿನ ತುದಿಯಲ್ಲಿ, ಮಂಡಕ್ಕಿಯ ಚೀಲದ ಮೇಲೆ ಹಸಿರು ದೀಪ ಮಿಟುಕಿಸುತ್ತ ಮಲಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಪಿನ್ನಿಗೆ ಜಾಗವಿತ್ತು.

‘ನಿಮ್ಮದೂ ಹಚ್ಚರಿ,’ ಎಂದ ಅವನು, ಮಿರ್ಚಿಯನ್ನು ಎಣ್ಣೆಗೆ ಬಿಡುತ್ತ.