‘ಸುಮ್ನೆ ತಮಾಷೆಗೆ ಹಾಕಿದ್ದು’

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೀಮ್. ನಾಯಕರೊಬ್ಬರ ಫೋಟೋ, ಬಾಯಿ ಅರ್ಧ ತೆರೆದಿದೆ. ಮೇಲೆ ದಪ್ಪ ಹಳದಿ ಅಕ್ಷರದಲ್ಲಿ ಅವರು ಹೇಳಿದರಂತೆ ಅನ್ನೋ ಒಂದು ಸಾಲು. ಕೆಳಗೆ ಏಳು ಜನರ ನಗು. ‘ಇದನ್ನು ಅವರು ಎಲ್ಲಿ ಹೇಳಿದ್ದು?’ ಅಂತ ಕೇಳಿದೆ. ಅಷ್ಟೇ ಕೇಳಿದ್ದು. ‘ಅಯ್ಯೋ, ಸುಮ್ನೆ ತಮಾಷೆಗೆ ಹಾಕಿದ್ದು ಮಾರಾಯ, ನಿನಗೆ ನಗೋಕೇ ಬರಲ್ಲ.’

ಈ ಗ್ರೂಪಿನ ಜೊತೆ ನನ್ನ ಜಗಳ ಹೊಸದಲ್ಲ. ಆದರೂ ಹೇಳುತ್ತೇನೆ. ಮೀಮ್ ಕಂಡರೆ ನನಗೆ ಉರಿಯುವುದಿಲ್ಲ, ಉರಿಯುವುದು ಈ ‘ತಮಾಷೆಗೆ’ ಅನ್ನೋ ಮಾತಿಗೆ. ಕಳಿಸುವಾಗ ಅದು ರಾಜಕೀಯ. ಯಾರಾದರೂ ಪ್ರಶ್ನೆ ಕೇಳಿದ ಕೂಡಲೇ ಜೋಕು. ಭಾಷಣ ಮಾಡಿದವನನ್ನು ನಿಲ್ಲಿಸಿ ಕೇಳಬಹುದು. ಮೀಮಿಗೆ ಏನಂತ ಉತ್ತರ ಕೊಡೋದು? ವಾದಕ್ಕೆ ಇಳಿದವನೇ ಪೆದ್ದನಾಗುತ್ತಾನೆ.

ಪೆಪೆ ಕಪ್ಪೆ ನೆನಪಿದೆಯಾ? 2005ರಲ್ಲಿ ಅಮೆರಿಕದ ಚಿತ್ರಕಾರ ಮ್ಯಾಟ್ ಫ್ಯೂರಿ ತನ್ನ ಕಾಮಿಕ್ಸಿಗೆ ಬರೆದ ಪಾಪದ ಪ್ರಾಣಿ. 2016ರ ಅಮೆರಿಕ ಚುನಾವಣೆ ಹೊತ್ತಿಗೆ ಬಿಳಿಯರೇ ಮೇಲು ಅನ್ನುವವರು ಅದನ್ನು ತಮ್ಮ ಮೀಮ್‌ಗಳಿಗೆ ಎತ್ತಿಕೊಂಡು ಹೋದರು. ದ್ವೇಷದ ಗುರುತುಗಳ ಪಟ್ಟಿಗೆ ಕಪ್ಪೆ ಸೇರಿತು. ಕೇಳಿದರೆ ಅದೇ ವರಸೆ: ಕಪ್ಪೆ ಕಣ್ರೀ, ಕಪ್ಪೆಗೂ ಹೆದರ್ತೀರಾ! ಬೇಸತ್ತ ಫ್ಯೂರಿ 2017ರಲ್ಲಿ ಪೆಪೆಯನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿ ಚಿತ್ರ ಬರೆದ. ಕಪ್ಪೆ ಸಾಯಲಿಲ್ಲ. 2019ರಲ್ಲಿ ಹಾಂಗ್‌ಕಾಂಗ್ ಬೀದಿಯಲ್ಲಿ ಪ್ರಜಾಪ್ರಭುತ್ವ ಕೇಳುವವರ ಕೈಯಲ್ಲಿತ್ತು.

ಗೊತ್ತು, ಈಗ ಯಾರಾದರೂ ಚೀನಾ ಎಳೆದು ತರುತ್ತೀರಿ. ಅಲ್ಲಿನ ನಾಯಕ ಷಿ ಜಿನ್‌ಪಿಂಗ್ ಅವರನ್ನು ಮಕ್ಕಳ ಕಥೆಯ ವಿನ್ನಿ ದ ಪೂ ಕರಡಿಗೆ ಹೋಲಿಸಿದ ಮೀಮ್‌ಗಳನ್ನು ಅಲ್ಲಿ ಅಳಿಸಿ ಹಾಕಿದರು, ಅಲ್ವಾ? ಬಾಯಿ ಬಿಟ್ಟರೆ ಕಷ್ಟ ಅನ್ನೋ ಕಡೆ ಕರಡಿಯ ಹಿಂದೆ ಅಡಗಲೇಬೇಕು, ಒಪ್ಪಿದೆ. ನಮ್ಮ ಗ್ರೂಪಿನವರು ಯಾರಿಗೆ ಹೆದರಿ ಅಡಗಿದ್ದಾರೆ? ನನ್ನ ಒಂದು ಪ್ರಶ್ನೆಗೆ!

ಸರಿ, ನನ್ನದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೇ ಕೆದಕಿ ತೆಗೆಯುತ್ತೀರಿ. ಹೋದ ವರ್ಷ ನನಗಾಗದ ನಾಯಕರೊಬ್ಬರು ಸಭೆಯಲ್ಲಿ ಕಣ್ಣು ಮುಚ್ಚಿರುವ ಫೋಟೋ ಹಾಕಿದ್ದೆ. ‘ದೇಶ ಕಾಯುವ ನಿದ್ದೆ’ ಅಂತ ಬರೆದಿದ್ದೆ. ಅದು ನಿದ್ದೆಯಲ್ಲ, ವಿಡಿಯೋ ನಿಲ್ಲಿಸಿ ರೆಪ್ಪೆ ಬಡಿದ ಕ್ಷಣ ಹಿಡಿದದ್ದು. ಹಿಡಿದವನು ನಾನೇ, ನಾಲ್ಕು ಸಲ ಹಿಂದೆ ಮುಂದೆ ಎಳೆದು. ಅದಕ್ಕೆ ಬಿದ್ದಷ್ಟು ಲೈಕು ನನ್ನ ಯಾವ ಬರಹಕ್ಕೂ ಬಿದ್ದಿಲ್ಲ.

ಮೊನ್ನೆ ಅದು ಸುತ್ತಾಡಿ ನನಗೇ ವಾಪಸ್ ಬಂತು, ತುಂಬಾ ಸಲ ಫಾರ್ವರ್ಡ್ ಆದದ್ದಕ್ಕೆ ಬರುವ ಜೋಡಿ ಬಾಣದ ಗುರುತಿನ ಸಮೇತ. ‘ಇದು ನಿಜಾನಾ?’ ಅಂತ ಕೇಳಿದ್ದರು ಕಳಿಸಿದವರು. ಇನ್ನೂ ಉತ್ತರ ಕೊಟ್ಟಿಲ್ಲ.